ಎರಡು ಹೊಲದಾಚೆಯ ನೆಲ್

ಒಂದೇ ವಾರ! ಒಂದೇ ವಾರದಲ್ಲಿ ನೆಲ್ ಎರಡು ಹೊಲದಾಚೆಯಿಂದಲೂ ನನ್ನ ಮಾತು ಕೇಳದಿದ್ದರೆ ನನ್ನ ಹೆಸರು ಹೆಲೆದ್ ಅಲ್ಲ ಎಂದು ಊಟದ ಮೇಜಿನ ಮುಂದೆ ಘೋಷಿಸಿಬಿಟ್ಟೆ. ಕಾರಣವಿತ್ತು. ಕುರಿ ಕಾಯುವ ನಮ್ಮ ಈ ಎಳೆಯ ನಾಯಿ ಅಂಗಳದಲ್ಲಿ ಸಾಧ್ವಿ, ಗುಡ್ಡ ಹತ್ತಿದರೆ ಕಿವುಡಿ.

"ಶನಿವಾರ ಗುಡ್ಡದ ಮೇಲೆ ಹೇಳಿದಲ್ಲಿ ಮಲಗದಿದ್ರೆ, ಸೋಮವಾರ ಸಂತೆಗೆ," ಎಂದು ಮಾವ ಎಮ್ಲಿನ್ ತೀರ್ಪು ಕೊಟ್ಟಿದ್ದರು. ಅಟ್ಟುವ ನಾಯಿ ನೆಲಕ್ಕೆ ಮಲಗಿದರಷ್ಟೇ ಓಡುವ ಕುರಿ ನಿಲ್ಲುವುದು. ನನ್ನ ಎರಡು ವರ್ಷದ ಮಾಬ್ಲಿಯೋ, ನೆಲ್‌ನ ಬೆನ್ನಿಗೆ ಒರಗದೆ ಮಧ್ಯಾಹ್ನ ಕಣ್ಣು ಮುಚ್ಚುವವಳಲ್ಲ. ಅವಳು ಮಲಗದೆ ನನಗೆ ಡೈರಿ ಬರೆಯಲು ಬಿಡುವಿಲ್ಲ, ಬುದ್ಧಿಯೂ ನೆಟ್ಟಗಿರದು.

"ನೀನು ಕಲಿಸ್ತೀಯಾ?" ಗಂಡ ಇಡ್ವಾಲ್ ನಕ್ಕ. "ಹತ್ತು ವರ್ಷದಿಂದ ನಾಯಿ ಪಳಗಿಸ್ತಿರೋನು ನಾನು."

"ಮಗು ಪಳಗಿಸ್ತಿರೋಳು ನಾನು. ಯಾವುದು ಕಷ್ಟ?"

ವೇಲ್ಸ್‌ನ ನಮ್ಮ ಗುಡ್ಡದ ಮನೆಗಳಲ್ಲಿ ಮನುಷ್ಯರ ಜೊತೆ ಮಾತೆಲ್ಲ ವೆಲ್ಷ್. ಇಂಗ್ಲಿಷ್ ನಾಯಿಗಳಿಗೆ ಮೀಸಲು! ಹಾಗಾಗಿ ನಾನೂ ಆಂಗ್ಲ ಪಂಡಿತೆಯಾದೆ. "ಲೈ ಡೌನ್! ಲೈ ಡೌನ್! ನೆಲ್, ಲೈ ಡೌನ್!" ಸೋಮವಾರ ಹತ್ತು ಹೆಜ್ಜೆ, ಬುಧವಾರ ಐವತ್ತು. ಮಾಬ್ಲಿಯನ್ನು ಸೊಂಟದಲ್ಲಿಟ್ಟುಕೊಂಡೇ ಕೂಗಿದೆ. ನೆಲ್ ಧೊಪ್ಪನೆ ಮಲಗಿತು. ನನಗೆ ಎರಡು ಕೊಂಬು ಮೂಡಿದವು; ಮಂದೆಯ ಟಗರು ಕೂಡ ಅಸೂಯೆಯಿಂದ ನೋಡಿತು!

ಶನಿವಾರ ಬಂತು. ಮಾವ ಕೋಲೂರಿ ನಿಂತರು, ಪಕ್ಕದಲ್ಲಿ ಮಾಬ್ಲಿಯನ್ನು ಸೊಂಟಕ್ಕೇರಿಸಿಕೊಂಡು ನಾನು. ಎರಡು ಹೊಲದಾಚೆ ನೆಲ್ ಕುರಿಗಳನ್ನು ಅಟ್ಟುತ್ತಿತ್ತು. ಕುರಿಗಳು ನುಗ್ಗುತ್ತಿದ್ದುದು ಕುಸಿದ ಗೋಡೆಯ ಕಡೆಗೆ, ಅದರಾಚೆ ರಸ್ತೆ.

"ಈಗ ಮಲಗಿಸು," ಅಂದರು ಮಾವ.

"ಲೈ ಡೌನ್!" ನೆಲ್ ಓಡುತ್ತಲೇ ಇತ್ತು. "ಲೈ ಡೌನ್!" ಕಿವಿ ನಿಮಿರಿತು, ಕಾಲು ನಿಲ್ಲಲಿಲ್ಲ. ಮತ್ತೆ ಬಾಯಿ ತೆರೆದೆ. ವಾರವಿಡೀ ದುಡಿದ ಗಂಟಲು ರಾಜೀನಾಮೆ ಕೊಟ್ಟಿತು! ಹೊರಬಂದದ್ದು ಬರೀ ಗಾಳಿ. ಏನೋ ಬಾಕಿಯಿದೆ ಎಂಬಂತೆ ನೆಲ್ ಓಡುತ್ತಲೇ ತಿರುತಿರುಗಿ ನನ್ನನ್ನು ನೋಡಿತು. ಮೊದಲ ಕುರಿ ಗೋಡೆ ಮುಟ್ಟಿತು.

ಆಗ ನನ್ನ ಸೊಂಟದಿಂದ ಸೀಟಿಯಂಥ ದನಿ ಹೊರಟಿತು: "ಲೈ ಡೌ...ನ್!"

ನೆಲ್ ಧೊಪ್ಪನೆ ಮಲಗಿತು. ಕುರಿಗಳು ನಿಂತವು. ಮಾಬ್ಲಿ ಬೆರಳು ಚೀಪತೊಡಗಿದಳು.

"ನಾಯಿ ಚೆನ್ನಾಗೇ ಕಲ್ತಿದೆ ಕಣಮ್ಮ," ಅಂದರು ಮಾವ. "ಮೂರು ಎಣಿಸಿ ಮಲಗುತ್ತೆ. ನಿನ್ನ ಮಗಳಿಗೂ ಆ ಲೆಕ್ಕ ಗೊತ್ತು. ಯಾವತ್ತಾದ್ರೂ ಒಂದು ಮಾತನ್ನ ಒಂದೇ ಸಲ ಹೇಳಿದ್ದುಂಟಾ ನೀನು?"

"ಹಾಗಾದ್ರೆ... ಸಂತೆಗೆ?" ಪಿಸುಗುಟ್ಟಿದೆ.

"ಕಳಿಸ್ಬೇಕಾದ್ದು ನಾಯಿನಲ್ಲ ಬಿಡು!" ಎಂದು ಗೇಟಿನತ್ತ ನಡೆದರು.

ಸಂಜೆ ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಹಾಲು ಕುಡಿ, ಟೋಪಿ ಹಾಕು, ಒಲೆ ಮುಟ್ಟಬೇಡ, ಎಲ್ಲವೂ ಮೂರು ಸಲ. ಮೊದಲನೆಯದನ್ನು ನಾನೇ ನಂಬುವುದಿಲ್ಲ. ಎರಡನೆಯದು ಬೇಡಿಕೆ. ಮೂರನೆಯದು ಮಾತ್ರ ಮಾತು. ಮಗು ಒಲೆಯತ್ತ ಕೈ ಚಾಚಿದ ದಿನ ಮೂರನೆಯದಕ್ಕೆ ಗಂಟಲೇ ಇಲ್ಲದಿದ್ದರೆ? ಕೈ ಒರೆಸಿಕೊಂಡು ಡೈರಿಯಲ್ಲಿ ಬರೆದೆ: ಇನ್ನು ಮುಂದೆ ಒಂದೇ ಸಲ.

ಇಡ್ವಾಲ್ ಕೆಸರು ಬೂಟಿನಲ್ಲೇ ಬಂದು ಊಟಕ್ಕೆ ಕುಳಿತ.

"ಬೂಟು ಬಿಚ್ಚು," ಅಂದೆ. ಅಷ್ಟೇ. ಬಾಯಿ ಬಿಗಿಹಿಡಿದೆ.

ಅವನು ಕುರಿಮಾಂಸದ ಸಾರು ಬಡಿಸಿಕೊಂಡ. ನಾನು, ಮಾಬ್ಲಿ, ನೆಲ್, ಮೂವರೂ ಅವನನ್ನೇ ದಿಟ್ಟಿಸಿದೆವು.

"ಏನು, ಎಲ್ಲ ಹಾಗೆ ನೋಡ್ತೀರಿ?" ಅವನು ಚಮಚ ಕೆಳಗಿಟ್ಟ. "ಇನ್ನೂ ಎರಡು ಸಲ ಬಾಕಿ ಇದೆಯಲ್ಲ!"