ಅತ್ತೆಯ ಮಗ್ಗಕ್ಕೆ ನನ್ನ ಸುಧಾರಣೆ

ವಾದದಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿ ಮಾತಾಡಿ ಗೆದ್ದ ವಿಷಯವನ್ನೇ ಮಧ್ಯಾಹ್ನ ವಿರೋಧಿಸಿ ಗೆದ್ದವಳು ನಾನು. ಕೊಯಮತ್ತೂರಿನ ಕಮ್ಯುನಿಟಿ ಕಾಲೇಜಿನಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾಗೆ ಸೇರಿದಾಗ, ಇಂಜಿನಿಯರಿಂಗ್ ಓದುವ ಅಣ್ಣ ಅದೂ ಒಂದು ಕಾಲೇಜಾ ಎಂದ. ನಮ್ಮ ಕ್ಲಾಸಿನ ಮೊದಲ ಬೆಂಚಿನಲ್ಲಿ ನಲವತ್ತು ದಾಟಿದ ಮೆಸ್ ಮಾಲೀಕರೊಬ್ಬರು ಕೂತು, ಪಾಠದ ನಡುವೆ "ಇದು ನಡೆಯಲ್ಲ ಸಾರ್, ಮಾಡಿ ನೋಡಿದೀನಿ" ಅನ್ನುತ್ತಾರೆ; ನಿಮ್ಮಲ್ಲಿ ಯಾರಾದರೂ ಅನ್ನುತ್ತಾರಾ ಎಂದು ಕೇಳಿದೆ. ಅಣ್ಣ ಎದ್ದು ಕಾಫಿಗೆ ಹೋದ.

ಆದರೆ ಡಿಪ್ಲೊಮಾಗೆ ಒಂದು ಷರತ್ತಿತ್ತು. ನಿಜವಾದ ಉದ್ದಿಮೆಯೊಂದರಲ್ಲಿ ಏನಾದರೂ ಸುಧಾರಣೆ ಮಾಡಿ, ಮಾಲೀಕರ ಸಹಿ ತರಬೇಕು. ಸಹಿ ಇಲ್ಲದಿದ್ದರೆ ಫೇಲು. ಕೊಯಮತ್ತೂರಿಗೆ ಹತ್ತಿರದ ಸಿರುಮುಗೈಯಲ್ಲಿ ನನ್ನ ಸೋದರತ್ತೆಗೆ ನಾಲ್ಕು ರೇಷ್ಮೆ ಮಗ್ಗಗಳಿವೆ, ಬಸ್ಸು ಹತ್ತಿದೆ. ಕೆಲಸದ ಜಾಗದಿಂದ ಬೇಡದ್ದನ್ನು ತೆಗೆಯಿರಿ ಎಂಬುದು ನಮ್ಮ ಮೊದಲ ಪಾಠ. ಸೀರೆ ನೇಯ್ದು ಇಳಿಸಿದ್ದ ಒಂದು ಮಗ್ಗದಲ್ಲಿ ಗೇಣುದ್ದದ ಹಳೆಯ ಎಳೆಗಳು ಸುಮ್ಮನೆ ಜೋತಾಡುತ್ತಿದ್ದವು. ಅತ್ತೆ ಊಟಕ್ಕೆ ಕೂತಿದ್ದಳು. ಎಲ್ಲವನ್ನೂ ಕತ್ತರಿಸಿ, ಎಳೆದು ಹಾಕಿ, ಮಗ್ಗ ಒರೆಸಿ ಫೋಟೋ ತೆಗೆದೆ.

ಆ ತುಂಡು ಎಳೆಗಳಿಗೆ ಹೊಸ ಎಳೆಗಳನ್ನು ಹೊಸೆದು ಎಳೆದರೆ ಹೊಸವು ತಮ್ಮ ದಾರಿಯಲ್ಲಿ ತಾವೇ ಹೋಗಿ ಕೂರುತ್ತವೆ. ಹಳೆಯವು ಇಲ್ಲದಿದ್ದರೆ ಸಾವಿರಾರು ಎಳೆಗಳನ್ನು ಮಗ್ಗದ ಸಣ್ಣ ಕಣ್ಣುಗಳಲ್ಲಿ ಒಂದೊಂದಾಗಿ ಪೋಣಿಸಬೇಕು. ಇದು ನಮ್ಮ ಪುಸ್ತಕದಲ್ಲಿರಲಿಲ್ಲ. ಅತ್ತೆ ಕೈ ತೊಳೆದು ಬಂದು ಮಗ್ಗ ನೋಡಿದಳು, ಆಮೇಲೆ ನನ್ನನ್ನು. ಅವಳ ಮುಖ ನೋಡಿಯೇ ನಾನು ಮೂರು ಸಮರ್ಥನೆ ಸಿದ್ಧ ಮಾಡಿಕೊಂಡೆ.

"ನಿಂಗೆ ಮಾತು ಚೆನ್ನಾಗಿ ಬತ್ತದಲ್ಲ ನನ್ ಕಣ್ಣೇ," ಎಂದಳು. "ಎಳೆಗೊಳ್ಗೆ ಹೇಳು, ಒಳಗೆ ಹೋಗ್ಲಿ. ಕೇಳ್ಲಿಲ್ಲಾಂದ್ರೆ ಕೂತು ಪೋಣ್ಸು. ಸೈನು ಆಮೇಲೆ ಹಾಕ್ತೀನಿ."

ನಾಲ್ಕು ದಿನ ಪೋಣಿಸಿದೆವು. ಆ ಬದಿಯಿಂದ ಅವಳು ಎಳೆ ಕೊಡುವುದು, ಈ ಬದಿಯಿಂದ ನಾನು ಎಳೆಯುವುದು. ಹುಡುಗಿ ಏನು ಓದುತ್ತಾಳೆಂದು ಪಕ್ಕದ ಮನೆಯಾಕೆ ಕೇಳಿದಾಗ, "ಮ್ಯಾನೇಜ್‌ಮೆಂಟು. ಬಂದ ದಿವ್ಸಾನೇ ನಾಕು ದಿವ್ಸದ ಕೆಲ್ಸ ಹುಡುಕಿ ಕೊಟ್ಲು," ಎಂದಳು ಅತ್ತೆ. ಐದನೆಯ ದಿನ ಮಗ್ಗ ಓಡಿತು. ತಪ್ಪಿದ್ದು ಎರಡೇ ಎಳೆ. ಅಷ್ಟು ಹೆಮ್ಮೆ ನನಗೆ ಯಾವ ಕಪ್ ಹಿಡಿದಾಗಲೂ ಆಗಿರಲಿಲ್ಲ.

ಸುಧಾರಣೆಯೆಂದು ನಾಲ್ಕೂ ಮಗ್ಗಕ್ಕೆ ತಮಿಳಿನಲ್ಲಿ ಬೋರ್ಡು ಬರೆದು ತೂಗುಹಾಕಿದೆ: ಈ ಎಳೆಗಳನ್ನು ಕತ್ತರಿಸಬಾರದು. ಅತ್ತೆ ಸಹಿ ಹಾಕಿದಳು. ಇದುವರೆಗೆ ಆ ಮನೆಯಲ್ಲಿ ಎಷ್ಟು ಜನ ಕತ್ತರಿಸಿದ್ದಾರೆ ಎಂದು ಪರೀಕ್ಷಕರು ಕೇಳಿದರು. ಒಬ್ಬರು ಸಾರ್, ಎಂದೆ. ಯಾರೆಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿ ಪಾಸು ಮಾಡಿದರು.

ನಾನು ಹೋದಾಗೆಲ್ಲ, ನಮ್ಮ ಹುಡುಗಿ ಬರೆದದ್ದು ಎಂದು ಅತ್ತೆ ಬಂದವರಿಗೆ ಬೋರ್ಡುಗಳನ್ನು ತೋರಿಸುತ್ತಾಳೆ. ಉಳಿದ ದಿನ ಅವು ಅಟ್ಟದ ಮೇಲಿರುತ್ತವಂತೆ. ನಾನು ಬರುತ್ತೇನೆಂದು ಫೋನ್ ಮಾಡಿದರೆ ಮಾತ್ರ ಇಳಿಸಿ ಮಗ್ಗಕ್ಕೆ ತೂಗುಹಾಕುತ್ತಾಳಂತೆ.