ಉಲ್ಕಾಪಾತಕ್ಕೊಂದು ಶಾಮಿಯಾನ

ನನ್ನ ಭಾವಮೈದ ಸೋಮನಾಥನ ಮೇಲೆ ನನಗೊಂದು ಸಿಟ್ಟಿದೆ. ಇವತ್ತಿಗೂ ಇದೆ. ಇದನ್ನು ಓದಿ ಅವನು ಫೋನ್ ಮಾಡಿ "ಸಾರಿ ಭಾವ" ಅಂದರೂ ಇರುತ್ತದೆ. ಏಕೆಂದರೆ ಅವನು ಸಾರಿ ಅನ್ನುವಾಗಲೂ ನಗುತ್ತಿರುತ್ತಾನೆ.

ನಡೆದದ್ದು ಚಿಕ್ಕಲಸಂದ್ರದಲ್ಲಿ, ಅವನ ಎರಡನೇ ಮಗುವಿನ ನಾಮಕರಣದ ದಿನ. ಶಾಮಿಯಾನ ನನ್ನದು, ಕುರ್ಚಿ ನನ್ನದು, ಅನ್ನದ ದಬರಿ ನನ್ನದು. ಜರಗನಹಳ್ಳಿಯಲ್ಲಿ ನನ್ನದು ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೂಟ ಹೊಡೆಯಲು ಹೋದವನು ನಾನು. ಜೆ.ಪಿ. ನಗರದಿಂದ ಬನಶಂಕರಿಯವರೆಗೆ ನಾನು ನೆರಳು ಕೊಡದ ಬೀದಿ ಇಲ್ಲ. ಮದುವೆ, ತಿಥಿ, ಗಣೇಶನ ಹಬ್ಬ, ರಾಜ್ಯೋತ್ಸವ, ಎಲ್ಲಕ್ಕೂ ಒಂದೇ ಬಟ್ಟೆ. (ತಿಥಿಗೆ ಮಾತ್ರ ಸುತ್ತಲಿನ ಬಣ್ಣದ ಜಾಲರು ಬಿಚ್ಚಿಡುತ್ತೇವೆ.) ಬೇರೆಯವರೆಲ್ಲ ಈಗ ಪ್ಲಾಸ್ಟಿಕ್ ಹಗ್ಗಕ್ಕೆ ಬಂದಿದ್ದಾರೆ. ನಾನು ಇನ್ನೂ ನೂಲಿನ ಹಗ್ಗದವನು. ನೂಲಿನ ಹಗ್ಗ ನೆನೆದಷ್ಟೂ ಗಂಟು ಬಿಗಿಯಾಗುತ್ತದೆ. ಎಂಥ ಮಳೆಗಾಳಿಗೂ ಈ ಗೌರೀಶಂಕರ ಹಾಕಿದ ಗಂಟು ಬಿಚ್ಚಿಕೊಂಡದ್ದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನೂ ನೆನಪಿಟ್ಟುಕೊಳ್ಳಬೇಕಾಗಿತ್ತು.

ಸೋಮನಾಥ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾನೆ. ಇತ್ತೀಚೆಗೆ ಒಂದು ಟೆಲಿಸ್ಕೋಪು ಕೊಂಡಿದ್ದಾನೆ. ಶನಿ ಎಲ್ಲಿದ್ದಾನೆ, ಗುರು ಎಲ್ಲಿದ್ದಾನೆ ಎಂದು ಜ್ಯೋತಿಷಿಗಿಂತ ಚೆನ್ನಾಗಿ ಹೇಳುತ್ತಾನೆ, ಪರಿಹಾರ ಮಾತ್ರ ಹೇಳುವುದಿಲ್ಲ. ಅವತ್ತು ಊಟಕ್ಕೆ ಕೂತಾಗ ಯಾರೋ ಹಿರಿಯರು, ಬೆಂಗಳೂರಿನಲ್ಲಿ ಈಗ ನಕ್ಷತ್ರವೇ ಕಾಣುವುದಿಲ್ಲವಪ್ಪ ಎಂದರು. ಸೋಮನಾಥ ತಲೆಯೆತ್ತಿ ನೋಡಿದ. ಅವನಿಗೆ ನನ್ನ ಹೊಚ್ಚ ಹೊಸ ಬಟ್ಟೆ ಕಂಡಿತು.

"ನಮ್ಮ ಭಾವ ಊರು ತುಂಬಾ ಬಟ್ಟೆ ಕಟ್ಟಿದ್ರೆ ಎಲ್ಲಿಂದ ಕಾಣ್ಬೇಕು ಸಾರ್?" ಎಂದ.

ಇಡೀ ಪಂಕ್ತಿ ನಕ್ಕಿತು. ನಗಲಿ, ಪಂಕ್ತಿಗೇನು. ಆದರೆ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ ಬರುತ್ತಿದ್ದ ನನ್ನ ಹೆಂಡತಿ ಸಿದ್ದಗಂಗಮ್ಮ ನನ್ನ ಎದುರಿಗೇ ನಿಂತು ನಕ್ಕಳು. ಎಷ್ಟು ನಕ್ಕಳೆಂದರೆ ನನ್ನ ಎಲೆಗೆ ಬೀಳಬೇಕಾದ ತುಪ್ಪ ಪಕ್ಕದವನ ಎಲೆಗೆ ಬಿತ್ತು. ನಾನು ಒಣ ಒಬ್ಬಟ್ಟು ತಿಂದು ಎದ್ದೆ.

ಮನೆಗೆ ಬಂದ ಮೇಲೆ ಚಪ್ಪಲಿ ಬಿಡುವ ಮೊದಲೇ ಜಗಳ ಶುರುವಾಯಿತು. ನಾನು ತುಪ್ಪದಿಂದ ಆರಂಭಿಸಿದೆ. ಅವಳು ನೇರವಾಗಿ ಆಕಾಶಕ್ಕೆ ಹೋದಳು. ತುರುವೇಕೆರೆಯಲ್ಲಿ ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ಮಲಗಿ ಎಷ್ಟೋ ಉಲ್ಕೆ ನೋಡುತ್ತಿದ್ದಳಂತೆ. ನನ್ನನ್ನು ಮದುವೆಯಾದ ಮೇಲೆ ಒಂದೇ ಒಂದು ನೋಡಿಲ್ಲವಂತೆ. ಉಲ್ಕೆ ಬೀಳದಿದ್ದರೆ ಅದಕ್ಕೆ ನಾನು ಜವಾಬ್ದಾರನೇ?

"ನಾನು ತೋರಿಸ್ತೀನಿ," ಎಂದು ಗುಡುಗಿದೆ. "ನನ್ನ ಸ್ವಂತ ಅರೇಂಜ್‌ಮೆಂಟಲ್ಲಿ."

"ನಾನೊಬ್ಳೇ ನೋಡೋದಾದ್ರೆ ನಮ್ಮ ಸೋಮನ ಜೊತೆ ಹೋಗ್ತೀನಿ. ನೀವು ನನ್ನ ಪಕ್ಕ ಕೂತು, ಇಬ್ರೂ ಒಂದೇ ಉಲ್ಕೇನ ನೋಡ್ಬೇಕು. ಆಗುತ್ತಾ?"

"ಆಗುತ್ತೆ. ಆಮೇಲೆ ನೀನು ನಿನ್ನ ತಮ್ಮನ ಎದುರಿಗೆ ನಿಂತು, ನಮ್ಮ ಯಜಮಾನರೇ ತೋರಿಸಿದ್ದು ಅಂತ ಹೇಳ್ಬೇಕು."

"ಹೇಳ್ತೀನಿ. ತೋರಿಸದಿದ್ರೆ?"

ಇಲ್ಲಿ ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ. "ತೋರಿಸದಿದ್ರೆ ಒಂದು ಇಡೀ ದಿನ, ಸೂರ್ಯ ಹುಟ್ಟಿದಾಗಿಂದ ಮುಳುಗೋ ತನಕ, ನನ್ನ ಬಾಯಿಂದ ಒಂದೂ ಜೋರು ಮಾತು ಬರಲ್ಲ," ಎಂದುಬಿಟ್ಟೆ.

ಕೋಣೆಯಲ್ಲಿ ಓದುತ್ತಿದ್ದ ಮಗಳು ಸಿರಿ ಬಾಗಿಲಿಗೆ ಬಂದು ನಿಂತಳು. "ಅಪ್ಪ, ಅದನ್ನ ಇನ್ನೊಂದ್ಸಲ ಹೇಳಿ," ಎಂದಳು. ನಾನು ಹೇಳಿದೆ. ಅದನ್ನೂ ಜೋರಾಗಿಯೇ ಹೇಳಿದೆ.

ಡಿಸೆಂಬರಿನಲ್ಲಿ ಭಾರಿ ಉಲ್ಕಾಪಾತವಿದೆ, ಅದೂ ಶನಿವಾರ ರಾತ್ರಿ, ಎಂದು ಸಿರಿಯೇ ಮೊಬೈಲಿನಲ್ಲಿ ಹುಡುಕಿದಳು. ಯಾವ ದಿಕ್ಕಿನಿಂದ ಬರುತ್ತವೆ ಎಂದು ಕೇಳಿದೆ. ಮಿಥುನ ರಾಶಿಯ ಕಡೆಯಿಂದಂತೆ, ಅದು ಸಂಜೆ ಪೂರ್ವದಲ್ಲಿ ಹುಟ್ಟುತ್ತದಂತೆ. ಅವಳು ಇನ್ನೂ ಏನೋ ಓದಿ ಹೇಳುವುದರಲ್ಲಿದ್ದಳು. ಪೂರ್ವ ಅಂತ ಗೊತ್ತಾಯಿತಲ್ಲ, ಸಾಕು ಎಂದೆ. ನಮ್ಮ ಕಸುಬಿನಲ್ಲಿ ಬರುವವರು ಯಾವ ಕಡೆಯಿಂದ ಬರುತ್ತಾರೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ವರ ಬರುವ ಕಡೆ ಬಾಗಿಲು ಬಿಟ್ಟು, ಉಳಿದ ಮೂರು ಕಡೆ ಪರದೆ ಕಟ್ಟಿದರೆ ಆಯಿತು.

ಶಾಮಿಯಾನ ಏಕೆ ಬೇಕು ಎಂದು ನೀವು ಕೇಳಬಹುದು. ಇಬ್ಬನಿಗೆ. ಡಿಸೆಂಬರಿನ ಇಬ್ಬನಿ ನೆತ್ತಿಗೆ ತಾಗಿದರೆ ಸಿದ್ದಗಂಗಮ್ಮನಿಗೆ ವಾರಗಟ್ಟಲೆ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ರಾತ್ರಿಯಿಡೀ ಗೊರಕೆ, ಗೊರಕೆ ಎಂದರೆ ಅವಳು ಒಪ್ಪುವುದಿಲ್ಲ, ಅದು ಬೇರೆ ಜಗಳ. ಊರಿಗೆಲ್ಲ ನೆರಳು ಕೊಟ್ಟವನು ಕಟ್ಟಿಕೊಂಡವಳನ್ನು ಬಯಲಿನಲ್ಲಿ ಕೂರಿಸುತ್ತಾನೆಯೇ?

ಬೆಟ್ಟ ಕನಕಪುರ ದಾಟಿ ಒಳಗಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಶನಿವಾರ ನಿಮ್ಮೆಲ್ಲರ ಕಾರೂ ಅಲ್ಲಿರುತ್ತದೆ. ತುದಿಯವರೆಗೆ ಗಾಡಿ ಹೋಗುತ್ತದೆ, ತುದಿಯಲ್ಲಿ ಬಸವಣ್ಣನ ಪುಟ್ಟ ಗುಡಿಯಿದೆ, ಅಲ್ಲಿಯ ಪೂಜಾರಿ ನನ್ನ ಹಳೇ ಗಿರಾಕಿ. ನಾವು ಮೂವರು ಟಾಟಾ ಏಸ್ ಗಾಡಿಯಲ್ಲಿ ಕಂಬ, ಹಳೆಯದೊಂದು ಬಟ್ಟೆ, ಹಗ್ಗ, ಇಪ್ಪತ್ತು ಕುರ್ಚಿ ಹೇರಿಕೊಂಡು ಮಧ್ಯಾಹ್ನವೇ ಹೊರಟೆವು. ನಾಲ್ಕು ಜನಕ್ಕೆ ಇಪ್ಪತ್ತು ಕುರ್ಚಿ ಏಕೆಂದು ಹೆಂಡತಿ ಕೇಳಿದಳು. ಇಪ್ಪತ್ತಕ್ಕಿಂತ ಕಡಿಮೆ ನಾವು ಎಲ್ಲಿಗೂ ಕಳಿಸುವುದಿಲ್ಲ ಎಂದೆ. ಸೋಮನಾಥ ತನ್ನ ಕಾರಿನಲ್ಲಿ ಟೆಲಿಸ್ಕೋಪಿನ ಜೊತೆ ಹಿಂದೆ ಬರುತ್ತಿದ್ದ. ಸಾಕ್ಷಿಗೆ ಅವನು ಬೇಕಿತ್ತಲ್ಲ.

ಪೂಜಾರಿ ಗಾಡಿ ನೋಡಿ ಓಡಿ ಬಂದರು. "ಯಾರ ಮದುವೆ ಯಜಮಾನ್ರೇ? ನನಗೊಂದು ಮಾತು ಹೇಳ್ಬಾರ್ದಾ?"

ಮದುವೆಯಲ್ಲ, ಆಕಾಶ ನೋಡಲು ಬಂದಿದ್ದೇವೆ ಎಂದೆ. ಅವರು ಆಕಾಶ ನೋಡಿದರು, ಗಾಡಿಯಲ್ಲಿದ್ದ ಬಟ್ಟೆ ನೋಡಿದರು. ಇಬ್ಬನಿ ಎಂದೆ. ಅವರ ಮುಖದ ಗೊಂದಲವೆಲ್ಲ ಹೋಯಿತು. ಅವರೂ ಆಗಲೇ ಮಫ್ಲರ್ ಸುತ್ತಿಕೊಂಡಿದ್ದರು. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ತಾವೇ ಇಳಿಸಿಕೊಂಡು ಕೂತರು.

ಬಂಡೆಯಲ್ಲಿ ಗೂಟ ಇಳಿಯುವುದಿಲ್ಲ. ಒಂದು ಹಗ್ಗವನ್ನು ದೊಡ್ಡ ಗುಂಡುಕಲ್ಲಿಗೆ, ಒಂದನ್ನು ಗುಡಿಯ ದೀಪದ ಕಂಬಕ್ಕೆ, ಒಂದನ್ನು ನನ್ನ ಗಾಡಿಗೆ, ಇನ್ನೊಂದನ್ನು ಸೋಮನಾಥನ ಕಾರಿಗೆ ಬಿಗಿದೆ. ಪೂರ್ವಕ್ಕೆ ಬಾಗಿಲು. ಪೂರ್ವಕ್ಕೆ ಮುಖ ಮಾಡಿ ಕುರ್ಚಿ, ನಾಲ್ಕು ಸಾಲು. ಕೆಂಪು ಹಳದಿ ಜಾಲರು ಗಾಳಿಗೆ ಕುಣಿಯುತ್ತಿತ್ತು. ಸೋಮನಾಥ ಒಮ್ಮೆ ಮೇಲೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಏನೂ ಹೇಳದೆ ಸ್ವಲ್ಪ ದೂರ ಹೋಗಿ ಬಯಲಿನಲ್ಲಿ ಚಾಪೆ ಹಾಸಿಕೊಂಡ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಆಮೇಲೆ ಕೇಳಿದ್ದಕ್ಕೆ, "ಹೇಳಿದ್ರೆ ಬೈತಿದ್ರಿ ಭಾವ," ಎಂದ. ಬೈಯುತ್ತಿದ್ದೆ, ನಿಜ. ಆದರೂ ಹೇಳಬೇಕಾಗಿತ್ತು.

ಚಿತ್ರಾನ್ನ ತಿಂದೆವು. ಕತ್ತಲಾಯಿತು. ನಾನೂ ಸಿದ್ದಗಂಗಮ್ಮನೂ ಮಂಟಪದಲ್ಲಿ ಕೂತ ವಧೂವರರಂತೆ ಮೊದಲ ಸಾಲಿನಲ್ಲಿ ಅಕ್ಕಪಕ್ಕ ಕೂತು ಪೂರ್ವವನ್ನು ದಿಟ್ಟಿಸಿದೆವು. ಅಷ್ಟರಲ್ಲಿ ಬಿ.ಟಿ.ಎಂ. ಲೇಔಟಿನಿಂದ ಎರಡು ಬೈಕಿನಲ್ಲಿ ನಾಲ್ವರು ಹುಡುಗರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಉಲ್ಕೆಗಾಗಿಯೇ ಬಂದವರು ಎಂದುಕೊಂಡು ನನಗೆ ಹೆಮ್ಮೆಯಾಯಿತು. ಒಬ್ಬ ಮುಂದಕ್ಕೆ ಬಾಗಿ, "ಅಂಕಲ್, ಊಟ ಎಷ್ಟೊತ್ತಿಗೆ?" ಎಂದ. ಅವರನ್ನು ನಾನು ಎಬ್ಬಿಸಿದ ರೀತಿಗೆ ಗುಡಿಯ ಪಾರಿವಾಳಗಳೂ ಎದ್ದವು.

ಪೂರ್ವದಲ್ಲಿ ಏನೂ ಬರಲಿಲ್ಲ.

ಆದರೆ ಹೊರಗೆ ಬಯಲಿನಿಂದ ಆಗಾಗ "ಓ" ಎಂಬ ಕೂಗು ಬರತೊಡಗಿತು. ಊಟ ಸಿಗದ ನಾಲ್ವರು ಮತ್ತು ಸೋಮನಾಥ, ಐವರೂ ಅಂಗಾತ ಮಲಗಿ ಕೂಗುತ್ತಿದ್ದರು. (ಟೆಲಿಸ್ಕೋಪು ಕಾರಿನೊಳಗೇ ಇತ್ತು. ಉಲ್ಕೆ ನೋಡಲು ಅದು ಉಪಯೋಗಕ್ಕೆ ಬರುವುದಿಲ್ಲವಂತೆ. ಆ ರಾತ್ರಿ ನನಗಾದ ಒಂದೇ ಸಂತೋಷ ಇದನ್ನು ಕೇಳಿದ್ದು.) ಒಂದೊಂದು ಕೂಗಿಗೂ ನಾನು ಹೊರಗೆ ಓಡಿದೆ. ಓಡಿ ತಲೆಯೆತ್ತುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಒಳಗೆ ಬಂದು ಕೂತರೆ ಮತ್ತೆ ಕೂಗು.

ಸಿರಿ ಆಗ ಬಾಯಿಬಿಟ್ಟಳು. ಮಿಥುನ ರಾಶಿ ಪೂರ್ವದಲ್ಲಿ ಹುಟ್ಟುವುದೇನೋ ನಿಜವಂತೆ, ಆದರೆ ರಾತ್ರಿ ಬೆಳೆದಂತೆ ಏರಿ ಏರಿ ನಡುನೆತ್ತಿಗೆ ಬರುತ್ತದಂತೆ. ಉಲ್ಕೆಗಳಂತೂ ಆಕಾಶದ ಎಲ್ಲಾ ಕಡೆಯೂ ಕಾಣುತ್ತವಂತೆ. ಇದನ್ನೇ ಅವತ್ತು ಓದಲು ಹೋದಾಗ ನಾನು ಸಾಕು ಎಂದಿದ್ದೆನಂತೆ. ಹೀಗೆಂದವಳೇ ಎದ್ದು ಮಾವನ ಚಾಪೆಗೆ ಹೋದಳು. ಪೂಜಾರಿ ಕುರ್ಚಿಯನ್ನೂ ಹೊತ್ತುಕೊಂಡು ಹೋದರು. ಕೊನೆಗೆ ಸಿದ್ದಗಂಗಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಎದ್ದಳು. ನೋಡಿ, ಇಬ್ಬನಿಗೆ ಒಂದು ಟವೆಲ್ ಸಾಕಾಗಿತ್ತು.

"ಬನ್ರೀ," ಎಂದು ಹೊರಗಿನಿಂದ ಕರೆದಳು. "ಪಕ್ಕದಲ್ಲಿ ಜಾಗ ಇದೆ. ಬಂದು ಮಲಕ್ಕೊಳ್ಳಿ, ಆಗಲೇ ಎಷ್ಟೋ ಹೋದ್ವು."

ಹತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಕಟ್ಟಿದ ಶಾಮಿಯಾನದಿಂದ ನಾನೇ ಎದ್ದು ಹೋಗುವುದೇ? ಅದೂ ಸೋಮನಾಥ ಹಾಸಿದ ಚಾಪೆಗೆ?

"ನೀನೇ ಇಲ್ಲಿಗೆ ಬಾ," ಎಂದೆ. "ಆಕಾಶಾನ ಇಲ್ಲಿಗೇ ತರಿಸ್ತೀನಿ."

ಬಟ್ಟೆ ಇಳಿಸಿಬಿಟ್ಟರೆ ಆಕಾಶ ತಾನಾಗಿ ಕುರ್ಚಿಗಳ ಮೇಲೆಯೇ ಬರುತ್ತದಲ್ಲ. ದೀಪದ ಕಂಬದ ಗಂಟಿಗೆ ಕೈ ಹಾಕಿದೆ. ಗಂಟು ಅಲುಗಲಿಲ್ಲ. ಸಂಜೆಯಿಂದ ಇಬ್ಬನಿ ಕುಡಿದು ಕುಡಿದು ಅದು ಕಲ್ಲಾಗಿತ್ತು. ಉಗುರಿನಿಂದ ಎಳೆದೆ. ಹಲ್ಲಿನಿಂದ ಕಚ್ಚಿ ಎಳೆದೆ. ನಾನು ಅರ್ಧ ಆಯುಷ್ಯ ಗಿರಾಕಿಗಳ ಎದುರು ಹೊಗಳಿಕೊಂಡ ಗಂಟು, ಹೊಗಳಿದ್ದಕ್ಕೆ ಸರಿಯಾಗಿ ನಡೆದುಕೊಂಡಿತು. ಸೋಮನಾಥ ಮಲಗಿದಲ್ಲಿಂದಲೇ, ಕುಯ್ದುಬಿಡಿ ಭಾವ ಎಂದ. ಹಗ್ಗ ಕುಯ್ಯುವವನು ನಾನಲ್ಲ ಎಂದೆ. ಟಾರ್ಚನ್ನು ಬಾಯಲ್ಲಿ ಕಚ್ಚಿ, ಬಗ್ಗಿ, ಗಂಟಿನ ಹೊಟ್ಟೆಯೊಳಗೆ ಸ್ಕ್ರೂಡ್ರೈವರ್ ತೂರಿಸಿದೆ. ಕೊನೆಗೂ ಅದು ಒಂದು ಎಳೆ ಸಡಿಲವಾಯಿತು.

ಆ ಗಳಿಗೆಗೆ ಇಡೀ ಬೆಟ್ಟ ಬೆಳಗಿತು.

ಮಿಂಚಲ್ಲ. ಮಿಂಚಿಗಿಂತ ನಿಧಾನ, ಹಸಿರು ಬೆರೆತ ಬಿಳುಪು. ನನ್ನ ತಲೆಯ ಮೇಲಿನ ಬಟ್ಟೆ ದೀಪ ಇಟ್ಟ ಆಕಾಶಬುಟ್ಟಿಯಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಳೆಯುತ್ತಾ ಹೋಯಿತು. ಅದರಲ್ಲಿ ನಾನು ಹಾಕಿದ ಎರಡು ತೇಪೆಗಳೂ ಸ್ಪಷ್ಟವಾಗಿ ಕಂಡವು. ಆಚೆ ಚಾಪೆಯ ಮೇಲೆ ಸಿದ್ದಗಂಗಮ್ಮ ಟವೆಲ್ ಜಾರಿದ್ದನ್ನೂ ಮರೆತು ಬಾಯಿ ತೆರೆದು ಮೇಲೆ ನೋಡುತ್ತಿದ್ದಳು. ಆ ಮುಖದ ಮೇಲೂ ಅದೇ ಬೆಳಕು. ನಾನು ಹೊರಗೆ ಓಡಿದೆ. ಓಡುವಾಗ ಕಾಲಿಗೆ ನನ್ನದೇ ಕುರ್ಚಿ ಸಿಕ್ಕಿತು.

ಎದ್ದು ಬಂದು ಕಾರಿನ ಕಡೆಯ ಹಗ್ಗವನ್ನು ಕುಯ್ದೆ. ಎಲ್ಲವನ್ನೂ ಕುಯ್ದೆ. ಬಟ್ಟೆ ಬಿತ್ತು. ಬಿದ್ದ ಬಟ್ಟೆಯ ಪಕ್ಕ, ಬಯಲಿನಲ್ಲಿ, ಹೆಂಡತಿಯ ಪಕ್ಕದಲ್ಲಿ, ಹೌದು, ಸೋಮನಾಥನ ಚಾಪೆಯ ಮೇಲೆಯೇ ಅಂಗಾತ ಮಲಗಿ ಕಣ್ಣು ಮಿಟುಕಿಸದೆ ನೋಡಿದೆ. ಕಣಿವೆಯಿಂದ ಮಂಜು ಎದ್ದು ಬಂತು. ಮೊದಲು ಗುಡಿ ಹೋಯಿತು, ಆಮೇಲೆ ನಕ್ಷತ್ರ ಹೋದವು, ಆಮೇಲೆ ನನ್ನ ಕಾಲೇ ನನಗೆ ಕಾಣಲಿಲ್ಲ. ನಾನು ನನ್ನ ಬಟ್ಟೆ ಇಳಿಸಿದ್ದೆ, ಬೆಟ್ಟ ತನ್ನ ಬಟ್ಟೆ ಕಟ್ಟಿತು. ಅದಕ್ಕೆ ಹಗ್ಗವೂ ಇರಲಿಲ್ಲ ಕುಯ್ಯಲು.

ಬೆಳಕು ಹರಿಯುವವರೆಗೆ ಮಲಗಿಯೇ ಇದ್ದೆ. ಹಟ ಬಿಡಲಿಲ್ಲ. ಮಂಜನ್ನೇ ನೋಡಿದೆ.

ಬೆಳಗ್ಗೆ ಫ್ಲಾಸ್ಕಿನ ಕಾಫಿಯ ಜೊತೆ ಪಂಚಾಯಿತಿ ನಡೆಯಿತು. ನಾನೂ ಅದನ್ನೇ ನೋಡಿದ್ದೇನೆ, ಬಟ್ಟೆಯ ಮೇಲೆ ನೋಡಿದ್ದೇನೆ, ಉಲ್ಕೆ ಒಂದೇ ಎಂದು ವಾದಿಸಿದೆ. ಅರ್ಧ ಮಾರ್ಕು ಕೊಡಬಹುದು ಎಂದಳು ಸಿರಿ. ಪೂಜಾರಿ ಯಾವ ಪಕ್ಷಕ್ಕೂ ಸೇರದೆ ಕಾಫಿ ಕುಡಿದರು. ಸೋಮನಾಥ ಬಾಯಿ ತೆರೆಯುವ ಮೊದಲೇ ಸಿದ್ದಗಂಗಮ್ಮ ಲೋಟ ಕೆಳಗಿಟ್ಟಳು.

"ಸೋಮ, ಕೇಳು. ಇಷ್ಟು ವರ್ಷ ಆದ್ಮೇಲೆ ನಾನು ಉಲ್ಕೆ ನೋಡಿದ್ದು ಇವರು ಕರ್ಕೊಂಡ್ ಬಂದಿದ್ದಕ್ಕೆ. ನಮ್ಮ ಯಜಮಾನರೇ ತೋರಿಸಿದ್ದು," ಎಂದಳು.

ಸೋಮನಾಥ ನಗಲಿಲ್ಲ. ನನ್ನ ಎದೆ ಎರಡು ಗೇಣು ಉಬ್ಬಿತು. ಆಗ ಅವಳು ನನ್ನ ಕಡೆ ತಿರುಗಿ, ಮೆಲ್ಲಗೆ, "ನಂದು ನಾನು ಕೊಟ್ಟೆ," ಎಂದಳು. "ನೀವು ನೋಡ್ಲಿಲ್ಲ. ನಿಮ್ಮದು ಬಾಕಿ."

ನಾನು ಮಾತು ತಪ್ಪುವವನಲ್ಲ. ಒಂದು ಇಡೀ ದಿನ ಜೋರು ಮಾತಾಡದೆ ಬಾಕಿ ತೀರಿಸಲು ಹೊರಟೆ. ಮೊದಲ ಭಾನುವಾರ ಹಾಲಿನವನವರೆಗೆ ತಡೆದೆ. ಮುಂದಿನ ವಾರ ತಿಂಡಿಯವರೆಗೆ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಲ್ಲ, ಅದೇ ಸರಿಯಾದ ದಿನ ಎಂದು ಹೊರಟರೆ, ಯಾರೋ ನನ್ನ ಅಂಗಡಿ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹಬ್ಬಕ್ಕೆ ಹೋಗಿದ್ದರು.

ಹೋದ ಭಾನುವಾರ ಮಾತ್ರ ಗೆದ್ದೇಬಿಟ್ಟಿದ್ದೆ. ಸಾರಿಗೆ ಉಪ್ಪಿರಲಿಲ್ಲ, ಸುಮ್ಮನಿದ್ದೆ. ಬಾಡಿಗೆಗೆ ಹೋದ ಕುರ್ಚಿ ಕಾಲು ಮುರಿದು ಬಂತು, ನಕ್ಕೆ. ಸಂಜೆಯಾಯಿತು. ತಾರಸಿಯ ಮೇಲೆ ನಾನು, ಸಿದ್ದಗಂಗಮ್ಮ, ಸಿರಿ ಮೂವರೂ ಪಶ್ಚಿಮಕ್ಕೆ ಮುಖ ಮಾಡಿ ಕೂತು ಸೂರ್ಯನನ್ನೇ ನೋಡುತ್ತಿದ್ದೆವು. ತಲೆಯ ಮೇಲೆ ಏನೂ ಕಟ್ಟಿರಲಿಲ್ಲ. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಮುಕ್ಕಾಲು ಇಳಿದಿದ್ದ. ಸಿದ್ದಗಂಗಮ್ಮ ನನ್ನ ಕೈ ಮೇಲೆ ಕೈ ಇಟ್ಟಳು. ಆಗ ಫೋನ್ ಬಂತು.

"ಭಾವ, ಸೋಮ. ಮುಂದಿನ ತಿಂಗಳು ಗ್ರಹಣ ಇದೆಯಲ್ಲ, ನಮ್ಮ ಬಿಲ್ಡಿಂಗಿನವರೆಲ್ಲ ಟೆರೇಸ್ ಮೇಲೆ ಸೇರಿ ನೋಡೋಣ ಅಂತಿದ್ದಾರೆ. ಒಂದು ಶಾಮಿಯಾನ ಹಾಕ್ಕೊಡ್ತೀರಾ?"

ನಾನು ಹೇಳಿದ್ದು ಕನಕಪುರ ರಸ್ತೆಯ ಬಸ್ಸಿನಲ್ಲಿದ್ದವರಿಗೂ ಕೇಳಿಸಿತಂತೆ. ಮಾತು ಮುಗಿಸಿ ತಿರುಗಿದಾಗ ಸೂರ್ಯ ಮುಳುಗಿದ್ದ. ಸಿದ್ದಗಂಗಮ್ಮ ಕೈ ತೆಗೆದು ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು.

"ಬಾಕಿ," ಎಂದಳು.