ನನ್ನ ಪಾಲಿನ ಕಷಾಯ

ಕ್ಯಾನ್ಸರ್ ಬಂದಿದ್ದು ನನಗೆ, ಔಷಧಿ ಕುಡಿದಿದ್ದು ನಮ್ಮ ಚಿಗವ್ವ! ನಂಬುವುದಿಲ್ಲವೇ? ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನನ್ನ ಎದೆಯಲ್ಲಿ ಗಂಟು ಕಂಡು, ಕೀಮೋ ಶುರುವಾದ ಮರುದಿನವೇ ಚಿಗವ್ವ ಹತ್ತಿಮತ್ತೂರಿನಿಂದ ಟ್ರಂಕಿನ ಸಮೇತ ಬಂದಿಳಿದಳು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವ್ವ ಇದೇ ಕಾಯಿಲೆಯಿಂದ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

ನಮ್ಮ ಕಡೆ ಹಾಸಿಗೆ ಹಿಡಿದವರನ್ನು ನೋಡಲು ಬರಿಗೈಯಲ್ಲಿ ಬರುವ ಪದ್ಧತಿಯಿಲ್ಲ. ಮೊದಲಾದರೆ ಬ್ರೆಡ್ಡು, ಬಾಳೆಹಣ್ಣು ತರುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಆದ್ದರಿಂದ ಎಲ್ಲರ ಕೈಯಲ್ಲೂ ಒಂದೊಂದು ಔಷಧಿ! ಹಾನಗಲ್ಲಿನ ಅತ್ತೆ ಗೋಧಿಹುಲ್ಲಿನ ರಸ ತಂದರು. ಹಿರೇಕೆರೂರಿನ ಬೀಗರು ಲಕ್ಷ್ಮಣಫಲದ ಎಲೆ ಕುದಿಸಿದ ಕಷಾಯ ತಂದರು. ನನ್ನ ಗಂಡನ ಅಣ್ಣ ಹಿರೇಬೆಂಡಿಗೇರಿಯಿಂದ ಗೋಮೂತ್ರದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದರು. ಹೊರಗಿನದೇನನ್ನೂ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದು ಇವರಿಗೆಲ್ಲ ಯಾವ ಲೆಕ್ಕ?

"ಕುಡಿಸ್ರಿ ಅತ್ತಿಯಾರ, ಗಂಟು ಕರಗಿ ನೀರಾಗತೈತಿ" ಎಂದರು ಭಾವ.

"ಕೊಡ್ರಿ, ಕೊಡ್ರಿ. ಪಾಪ, ಅಷ್ಟು ದೂರದಿಂದ ತಂದೀರಿ" ಎಂದು ಚಿಗವ್ವ ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ನಡೆದಳು. ಅವರು ಹೋದ ಮೇಲೆ ಮೂಗು ಮುಚ್ಚಿ ತಾನೇ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು!

"ಚಿಗವ್ವ, ಅದು ನನಗ ತಂದದ್ದಲ್ಲೇನ?"

"ಸುಮ್ನ ಮಕ್ಕೋ. ನಮ್ಮ ಬೀಗರ ಮನ್ಯಾಗ ಇದಕಿಂತ ಕೆಟ್ಟ ಸಾರು ಉಂಡೇನಿ."

ಮುಂದಿನ ವಾರ ಸವಣೂರಿನ ಸಂಬಂಧಿಕರೊಬ್ಬರು ಯಾವುದೋ ನಾಟಿ ವೈದ್ಯರ ಪುಡಿ ತಂದರು. ಅದೂ ಚಿಗವ್ವನ ಹೊಟ್ಟೆಗೇ ಹೋಯಿತು. ಆಮೇಲಿನ ಮೂರು ದಿನ ಹೇಗಿದ್ದವೆಂದು ಕೇಳಬೇಡಿ! ಕೀಮೋ ತೆಗೆದುಕೊಂಡ ನಾನು ಸಂಡಾಸಿನ ಬಾಗಿಲು ಬಡಿಯುತ್ತ, "ಲಗೂನ ಬಾ ಚಿಗವ್ವ!" ಎನ್ನಬೇಕು. ಅವಳು ಒಳಗಿನಿಂದ, "ತಡಿಯವ್ವ, ನಿನ್ನ ಔಷಧ ಇನ್ನೂ ಕೆಲಸ ಮಾಡಾಕತ್ತೈತಿ!" ಎನ್ನಬೇಕು.

ಸುಳ್ಳು ಹೇಳುವುದು ಮಾತ್ರ ಅವಳಿಗೆ ಆಗದು. "ಕುಡಿಸಿದ್ರೇನ್ರಿ?" ಎಂದು ಭಾವ ಫೋನು ಮಾಡಿದರೆ, "ಒಂದು ಹನಿ ಉಳಿದಿಲ್ರೀ" ಎನ್ನುತ್ತಿದ್ದಳು. ಕುಡಿದವರು ಯಾರೆಂದು ಅವರೂ ಕೇಳಲಿಲ್ಲ.

ಆಪರೇಷನ್ ಆಗಿ, ಕೀಮೋ ಪೂರ್ತಿ ಮುಗಿದು, ಈಗ ಗಂಟಿನ ಸುಳಿವಿಲ್ಲ ಎಂದು ಡಾಕ್ಟರು ಹೇಳಿದ ದಿನ ಭಾವ ಮನೆಗೆ ಬಂದು ಮೀಸೆ ತಿರುವಿದರು. "ನೋಡಿದ್ರಿಲ್ಲ ನಮ್ಮ ಬಾಟಲಿ!" ಚಿಗವ್ವ ಗಂಭೀರವಾಗಿ ತಲೆಯಾಡಿಸಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ.

ಅವರು ಹೋದ ಮೇಲೆ ನಗುತ್ತಲೇ ಕೇಳಿದೆ. "ಬ್ಯಾಡ ಅನ್ನಬೇಕಿತ್ತಲ್ಲ ಚಿಗವ್ವ?"

"ನಾ ಬ್ಯಾಡ ಅಂದ್ರ ನನ್ನ ಕಣ್ಣು ತಪ್ಪಿಸಿ ನಿನಗ ಕುಡಿಸ್ತಿದ್ರು."

"ಮತ್ತ ಚೆಲ್ಲಬೇಕಿತ್ತಲ್ಲ?"

ಅವಳು ನಗಲಿಲ್ಲ. ಕೂದಲಿಲ್ಲದ ನನ್ನ ತಲೆಯ ಮೇಲೆ ಕೈಯಾಡಿಸುತ್ತ ಕೂತಳು.

"ನಿಮ್ಮವ್ವಗೂ ಹಿಂಗ ತಂದು ಕೊಟ್ಟಿದ್ರು. ಆರು ತಿಂಗಳು ನಾನ ನನ್ನ ಕೈಯಾರೆ ಕುಡಿಸಿದ್ನಿ. ದವಾಖಾನಿಗೆ ಹೋಗೂದ್ರಾಗ ಹೊತ್ತು ಮೀರಿತ್ತು. ಎಷ್ಟು ಕಹಿ ಇದ್ವು ಅವು! ಆಕಿ ಒಂದು ದಿನಾನೂ ಬ್ಯಾಡ ಅನ್ನಲಿಲ್ಲ. ಅಕ್ಕಗ ಏನೇನು ಕುಡಿಸಿದ್ನಿ ಅಂತ ನನಗರ ಗೊತ್ತಾಗಬೇಕಲ್ಲ?"

ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಎದ್ದು ಹೋಗಿ ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿ ತಂದೆ. ಕೊಡುವ ಮೊದಲು ಬಸಿ ತಟ್ಟೆಗೆ ಸ್ವಲ್ಪ ಸುರುವಿಕೊಂಡು ನಾನೇ ಒಂದು ಗುಟುಕು ಕುಡಿದೆ.

"ಅದೇನ ಮಾಡಾಕತ್ತಿ ಹುಡುಗಿ?"

"ನಿನ್ನ ಬಾಯಿಗೆ ಇನ್ನ ಕಹಿ ಹೋಗಬಾರದು ಚಿಗವ್ವ. ನೋಡಿದೆ, ಸಿಹಿ ಐತಿ. ಕುಡಿ."